ಅಧಿಕಾರಿ ಯಾರು?

ಈಚಿನ ವರುಷಗಳಲ್ಲಿ ನಮ್ಮ ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲೆಲ್ಲ ಒಂದು ಸಂಸ್ಕೃತ ಸಮಾಸವು ಮನೆಮಾತಾಗಿರುವದು. ಅದು ಯಾವ ಪುರಾಣಪ್ರವಚನದಿಂದಲೂ ಬಂದುದಲ್ಲ. ಪಂಚಾಯತಿಯ ಗೋಡೆಗೆ ಅಂಟಿಸಿದ ಯಾದಿಯಿಂದ ಬಂದುದು. 'ಫಲಾನುಭವಿ' ಎಂಬದೇ ಆ ಶಬ್ದ. ಅಕ್ಷರ ಬಾರದ ಮುದುಕಿಯೂ ಅದನ್ನು ತನ್ನ ನಾಲಗೆಗೆ ಒಗ್ಗಿಸಿಕೊಂಡು 'ಪಲಾನಬವಿ' ಎಂದು ನುಡಿಯುತ್ತಾಳೆ. ಪಾಠಶಾಲೆಯಲ್ಲಿ ಕೌಮುದಿಯನ್ನು ಕಲಿತು, ಮುಂದೆ ಮೂವತ್ತು ವರುಷಗಳಿಗೆ ಮಿಕ್ಕಿ ಮಕ್ಕಳಿಂದ ವಿಭಕ್ತಿಗಳನ್ನು ಬಾಯಿಪಾಠ ಮಾಡಿಸಿದ ನನ್ನಂಥವನಿಗೆ ಇದರಿಂದ ಸಂತೋಷವಾಗಬೇಕಾದುದು ಸಹಜ. ಆದರೆ ಶಬ್ದವನ್ನು ಬಿಡಿಸಿ ನೋಡುವ ಚಟವೊಂದು ಈ ವಿದ್ಯೆಯೊಡನೆಯೇ ಅಂಟಿಬರುವದರಿಂದ, ಸಂತೋಷಕ್ಕಿಂತ ವಿಚಾರವೇ ಮುಂದಾಗುವದು.

ಫಲವನ್ನು ಅನುಭವಿಸುವವನು ಫಲಾನುಭವಿ. ಗಿಡ ನೆಟ್ಟವರಾರು, ನೀರೆರೆದವರಾರು, ಹೊಲ ಯಾರದು ಎಂಬದನ್ನು ಈ ಸಮಾಸವು ಹೇಳುವದಿಲ್ಲ. ನಮ್ಮ ಮೀಮಾಂಸಕರಲ್ಲಿ ಬೇರೊಂದು ಪಾರಿಭಾಷಿಕ ಶಬ್ದವಿರುವದು: 'ಅಧಿಕಾರಿ'. ಲೌಗಾಕ್ಷಿ ಭಾಸ್ಕರನ 'ಅರ್ಥಸಂಗ್ರಹ'ವನ್ನು ಓದಿದವರಿಗೆ ನೆನಪಿರಬಹುದು. ಅಲ್ಲಿ ಅಧಿಕಾರವೆಂದರೆ ಹುಕುಮು ನಡೆಯಿಸುವ ಸತ್ತೆಯಲ್ಲ, ಕರ್ಮದಿಂದ ಹುಟ್ಟುವ ಫಲದ ಸ್ವಾಮ್ಯ. ಯಜ್ಞದ ಫಲವು ಯಾವನಿಗೆ ಸಲ್ಲತಕ್ಕದ್ದೋ, ಆದುದರಿಂದಲೇ ಅದನ್ನು ನಡೆಯಿಸುವ ಹೊಣೆಯೂ ಯಾವನ ಮೇಲಿರುವದೋ, ಅವನು ಅಧಿಕಾರಿ. ಋತ್ವಿಜರು ದಕ್ಷಿಣೆ ಪಡೆದು ಕೆಲಸ ಮಾಡುವವರು. ಅವರು ಎಂಥ ವಿದ್ವಾಂಸರಾದರೂ ಅಧಿಕಾರಿಗಳಲ್ಲ. ಇಂದಾದರೋ ಆ ಶಬ್ದವು ಮೇಜಿನ ಈಚೆಯಿಂದೆದ್ದು ಆಚೆಗೆ ಹೋಗಿ ಕುಳಿತಿದೆ. ದಕ್ಷಿಣೆ ಪಡೆಯುವವನು ಅಧಿಕಾರಿ, ಯಜಮಾನನು ಫಲಾನುಭವಿ! (ದಕ್ಷಿಣೆಯೆಂಬ ಮಾತಿಗೆ ವಾಚಕರು ಬೇರೆ ಅರ್ಥವನ್ನು ಹಚ್ಚಬಾರದು, ನಾನು ಸಂಬಳದ ಮಾತನ್ನೇ ಆಡುತ್ತಿರುವೆನು.) ನಾವು ತಲಾಠಿಯೆಂದು ಕರೆಯುವ ಹುದ್ದೆಯು ಕೂಡ 2023ರಲ್ಲಿ 'ಗ್ರಾಮ ಆಡಳಿತ ಅಧಿಕಾರಿ' ಎಂದಾಯಿತು. ಜನರು ಇನ್ನೂ ತಲಾಠಿಯೆಂದೇ ಅನ್ನುತ್ತಾರೆ, ಹೊಲದ ಕಾಗದವನ್ನು ಉತಾರವೆಂದೇ ಅನ್ನುತ್ತಾರೆ.

ಕಣಗಲಾದವರಿಗೆ ಸರಕಾರದ ಯೋಜನೆಗಳು ಹೊಸವೇನೂ ಅಲ್ಲ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ನಮ್ಮೂರ ಗುರುತೆಂದರೆ ಹಿಂದೂಸ್ತಾನ್ ಲೇಟೆಕ್ಸ್ ಕಾರಖಾನೆ. 1952ರಲ್ಲಿ ದೇಶದ ಸರಕಾರವು ಕುಟುಂಬ ಯೋಜನೆಯ ಕಾರ್ಯವನ್ನು ಕೈಕೊಂಡಿತು; ಅದಕ್ಕೆ ಬೇಕಾದ ಸಾಧನವನ್ನು ದೇಶದಲ್ಲಿಯೇ ತಯಾರಿಸುವದಕ್ಕಾಗಿ 1966ರಲ್ಲಿ ಈ ಸರಕಾರಿ ಸಂಸ್ಥೆಯು ಹುಟ್ಟಿತು; 1985ರಲ್ಲಿ ಅದರ ಒಂದು ಕಾರಖಾನೆಯು ನಮ್ಮಲ್ಲಿಗೆ ಬಂದಿತು. ಅಲ್ಲಿ ಏನು ತಯಾರಾಗುವದೆಂದು ಹುಡುಗರು ಕೇಳಿದರೆ ಮಾಸ್ತರರಾದ ನಾವು 'ರಬ್ಬರಿನ ಸಾಮಾನು' ಎಂದು ಹೇಳಿ ಮುಂದಿನ ಪಾಠಕ್ಕೆ ಹೊರಳುತ್ತಿದ್ದೆವು. ಸರಕಾರವು ಜನರಿಂದ ಚಿಕ್ಕ ಕುಟುಂಬವನ್ನು ಬಯಸಿತು. ಜನರು ಸರಕಾರದಿಂದ ಕಾರಖಾನೆಯ ನೌಕರಿಯನ್ನು ಬಯಸಿದರು.

ಇದಕ್ಕಿಂತ ಹೆಚ್ಚಿನ ವಿಚಾರಕ್ಕೆ ಯೋಗ್ಯವಾದುದು ನಮ್ಮ ತಾಲೂಕಿನ ದೀಪದ ಕಥೆ. ಹಳ್ಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸುವದು ಹೇಗೆಂಬ ಚಿಂತೆಯಲ್ಲಿ ಆ ಕಾಲದ ಕೇಂದ್ರ ಸರಕಾರವು, ಜನರೇ ಕೂಡಿ ಸಹಕಾರಿ ಸಂಘದ ಮೂಲಕ ಅದನ್ನು ಹಂಚಿಕೊಳ್ಳಬಲ್ಲರೋ ಎಂದು ಪ್ರಯೋಗಾರ್ಥವಾಗಿ ದೇಶದಲ್ಲಿ ಐದು ಸ್ಥಳಗಳನ್ನು ಆರಿಸಿತು. ಸಿರಿಸಿಲ್ಲಾ, ಕೊಡಿನಾರ, ಮುಳಾ-ಪ್ರವರಾ, ಲಖನೌಗಳೊಡನೆ ಐದನೆಯದು ನಮ್ಮ ಹುಕ್ಕೇರಿ. 1969ರಲ್ಲಿ ಹುಟ್ಟಿದ ಈ ಸಂಘವು ವಿದ್ಯುತ್ತನ್ನು ಸಗಟಾಗಿ ಕೊಂಡು ತಾಲೂಕಿನ ಮನೆಗಳಿಗೂ ಬಾವಿಗಳಿಗೂ ಹಂಚುತ್ತಿದೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ಕೈಯಿಂದ ಆ ಕೆಲಸವು 2011ರಲ್ಲಿ ತಪ್ಪಿಹೋಯಿತು, ನಮ್ಮದು ಉಳಿದಿರುವದು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರ ಸಹಕಾರಿ ಸಂಘವನ್ನು ಕಟ್ಟಿದ ನಾಡು ಇದು. ನೆರೆಯ ತಾಲೂಕಿನವನು ವಿದ್ಯುತ್ ಕಂಪನಿಯ ಗಿರಾಕಿ. ನಮ್ಮ ತಾಲೂಕಿನವನು ಪಾಲು ಹಾಕಿದರೆ ಸಂಘದ ಸದಸ್ಯ, ಅಂದರೆ ಮೀಮಾಂಸಕರ ಅರ್ಥದಲ್ಲಿ ಅಧಿಕಾರಿ.

2023ರ ಜುಲೈದಿಂದ ಈ ದೀಪದ ಮೇಲೆ ಇನ್ನೊಂದು ದೀಪವಾಗಿ ಗೃಹಜ್ಯೋತಿಯು ಬಂದಿತು. ಆರಂಭದ ನಿಯಮದಂತೆ ಹಿಂದಿನ ವರುಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯುನಿಟ್ಟು ಮೀರದಂತೆ ಬಳಸಿದ ಮನೆಗೆ ಶೂನ್ಯದ ಬಿಲ್ಲು. ನನ್ನ ಮನೆಗೂ ಶೂನ್ಯವೇ ಬರುವದು. ಇದರಲ್ಲಿ ನಾನು ಕಂಡ ಒಂದು ವಿಚಿತ್ರವನ್ನು ಹೇಳುವೆನು. ಮೊದಲು ನಮ್ಮ ಓಣಿಯ ಗೃಹಸ್ಥರು ಎರಡು ಯುನಿಟ್ಟು ಹೆಚ್ಚಾದರೂ ಮೀಟರಿನ ಮುಂದೆ ಕನ್ನಡಕವನ್ನೇರಿಸಿ ನಿಲ್ಲುತ್ತಿದ್ದರು. ಬಿಲ್ಲು ತಂದ ಹುಡುಗನೊಡನೆ ವಾದವು ನಡೆದು ಚಹ ಕುಡಿದ ಮೇಲೆ ಮುಗಿಯುತ್ತಿತ್ತು. ಈಗ ಆ ಚೀಟಿಯನ್ನು ಓದದೆ ಗೂಡಿನಲ್ಲಿ ತುರುಕುವರು. ಶೂನ್ಯದ ಲೆಕ್ಕವನ್ನು ತಾಳೆ ನೋಡುವವರಾರು? ಆದರೆ ಬೆಲೆಯು ಶೂನ್ಯವಾಗಿಲ್ಲ. ಕೊಡುವ ಕೈ ಬೇರೆಯಾಗಿದೆಯಷ್ಟೆ. ಸರಕಾರದ ಬೊಕ್ಕಸದಿಂದ ಅದು ಸಲ್ಲಬೇಕು, ಮತ್ತು ಬೊಕ್ಕಸಕ್ಕೆ ನಾವು ಕೊಳ್ಳುವ ಪ್ರತಿಯೊಂದು ಸಾಬೂನಿನಿಂದಲೂ ತೆರಿಗೆ ಹೋಗುತ್ತಿರುವದು. 2025ರಲ್ಲಿ ಸಂಘದ ಆಡಳಿತ ಮಂಡಳಿಗೆ ಚುನಾವಣೆಯಾದಾಗ ಜಿಲ್ಲೆಯ ದೊಡ್ಡ ಮುಖಂಡರು ಎದುರುಬದುರಾಗಿ ನಿಂತರು. ವಿಧಾನಸಭೆಯ ಚುನಾವಣೆಗೂ ಅಷ್ಟು ಕಾವು ಇರಲಿಲ್ಲವೆಂದು ಜನ ಆಡಿಕೊಂಡರು. ಯಾರು ಗೆದ್ದರೆಂಬದನ್ನು ನಮ್ಮ ಕಟ್ಟೆಯ ಮೇಲಿನವರೆಲ್ಲರೂ ಬಲ್ಲರು. ಸಂಘವು ಯುನಿಟ್ಟಿಗೆ ಏನು ಕೊಟ್ಟು ಕೊಳ್ಳುವದೆಂಬದನ್ನು ಬಲ್ಲವನು ಅಲ್ಲಿ ಒಬ್ಬನೂ ನನಗೆ ಸಿಕ್ಕಲಿಲ್ಲ.

ಸುಶಿಕ್ಷಿತರ ಮನೆಗಳಲ್ಲಿ ಕುಳಿತರೆ ಈಗ ಒಂದೇ ರಾಗ. ಬಿಟ್ಟಿ ಕೊಟ್ಟು ಜನರನ್ನು ಕೆಡಿಸಿದರು, ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ ಕೊಟ್ಟು ನಾಡನ್ನು ಮುಳುಗಿಸಿದರು ಎಂದು. ಈ ಮಾತನ್ನು ಆಡುವವರಲ್ಲಿ ಬಹುಜನರು ನನ್ನಂತೆಯೇ ಪಿಂಚಣಿದಾರರು. ನನಗೆ ಈ ಮಾತು ಸರಿದೋರುವದಿಲ್ಲ. ಕಾರಣವನ್ನು ಶಾಸ್ತ್ರದಿಂದಲ್ಲ, ನಮ್ಮ ಓಣಿಯಿಂದಲೇ ಕೊಡುವೆನು.

ಬೀಡಿ ಕಟ್ಟಿ ಸಂಸಾರ ಸಾಗಿಸುವ ವಿಧವೆಯೊಬ್ಬಳು ನಮ್ಮ ಮನೆಯ ಹಿಂದೆ ಇರುವಳು. ಗೃಹಲಕ್ಷ್ಮಿಯು 2023ರ ಆಗಸ್ಟ 30ರಂದು ಆರಂಭವಾಯಿತಷ್ಟೆ. ಓಣಿಯ ಬೇರೆ ಹೆಂಗಸರಿಗೆ ಹಣ ಬಂದರೂ ಇವಳಿಗೆ ಬರಲಿಲ್ಲ. ಒಂದು ದಿನ ಅಂಗಳದಲ್ಲಿ ನಿಂತು, "ಮಾಸ್ತರ, ಎಲ್ಲಾರಿಗೂ ಬಂದೈತ್ರಿ, ನನಗ ಯಾಕ ಬಂದಿಲ್ರಿ? ಯಾರನ್ನ ಕೇಳಬೇಕ್ರಿ?" ಎಂದಳು. ನಾನು ತಿಳಿದಷ್ಟು ಹೇಳಿದೆನು. ಅಂಗನವಾಡಿಗೆ ಹೋದಳು, ಅಲ್ಲಿಂದ ಒಂದು ಕಚೇರಿಗೆ, ಕಚೇರಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ತಿರುಗಿ ಕಚೇರಿಗೆ. ನಾಲ್ಕು ದಿನಗಳ ಬೀಡಿಯ ಕೂಲಿ ಹೋಯಿತು. ಶಕ್ತಿ ಯೋಜನೆಯ ಪುಣ್ಯದಿಂದ ಬಸ್ಸಿನ ಖರ್ಚು ಮಾತ್ರ ಇರಲಿಲ್ಲ. ಒಂದು ಯೋಜನೆಯ ಹಕ್ಕನ್ನು ಕೇಳುವದಕ್ಕೆ ಇನ್ನೊಂದು ಯೋಜನೆಯ ಬಂಡಿ! ಕೊನೆಗೆ ಆಕೆಯ ಖಾತೆಗೆ ಆಧಾರ್ ಜೋಡಣೆ ಇಲ್ಲದಿರುವದೇ ಕಾರಣವೆಂದು ತಿಳಿದು, ಅದನ್ನು ಮಾಡಿಸಿಕೊಂಡು ಬಂದಳು. ಹಣ ಬಂದಿತು. ಮರುತಿಂಗಳು ಅದೇ ತೊಂದರೆಯಲ್ಲಿದ್ದ ಇಬ್ಬರು ಹೆಂಗಸರನ್ನು ಕರೆದುಕೊಂಡು ತಾನೇ ಬ್ಯಾಂಕಿಗೆ ಹೊರಟಳು; ಈ ಸಲ ನನ್ನನ್ನು ಕೇಳಲಿಲ್ಲ.

ಇನ್ನೊಮ್ಮೆ ಮೊಮ್ಮಗನ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಬರೆಯಿಸಲು ಬಂದಾಗ ನಾನು ಆಕೆಗೆ 'ಸಕಾಲ'ದ ವಿಷಯವನ್ನು ತಿಳಿಸಿದೆನು. 2011ರ ಕಾಯಿದೆಯಂತೆ 2012ರ ಏಪ್ರಿಲ್ 2ರಿಂದ ನಾಡಿನಲ್ಲೆಲ್ಲ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಅರ್ಜಿಗೆ ಸಂಖ್ಯೆಯುಂಟು, ಕೆಲಸಕ್ಕೆ ಗಡುವುಂಟು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರ ವರೆಗೆ ಪರಿಹಾರವನ್ನು ಕೇಳಬಹುದು, ಅದು ತಪ್ಪಿದ ನೌಕರನ ಸಂಬಳದಿಂದಲೇ ಬರತಕ್ಕದ್ದು. ಆಕೆ ಎಲ್ಲವನ್ನೂ ಕೇಳಿ, "ಅವರ ಪಗಾರದಾಗ ಮುರದ ಇಪ್ಪತ್ತ ರೂಪಾಯಿ ನನಗ್ಯಾಕ್ರಿ? ಹೇಳಿದ ದಿನಾ ಕಾಗದ ಕೊಟ್ರ ಸಾಕ್ರಿ" ಎಂದಳು. ಕಾಯಿದೆಯ ಪಂಡಿತರು ಇದನ್ನು ಅಜ್ಞಾನವೆನ್ನಬಹುದು. ನಾನು ಅನ್ನಲಾರೆ. ಆದರೂ ಚೀಟಿಯ ಸಂಖ್ಯೆಯನ್ನು ಮಾತ್ರ ಜೋಪಾನವಾಗಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

2015ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಮನೆ ತಿರುಗಿ 55 ಪ್ರಶ್ನೆಗಳನ್ನು ಕೇಳುವ ಕೆಲಸವು ನಮ್ಮ ಶಿಕ್ಷಕವರ್ಗದ ಪಾಲಿಗೆ ಬಂದಿತ್ತು. "ಇದರಿಂದ ನಮಗೇನು ಬರತೈತ್ರಿ?" ಎಂದು ಬಡವರು ಬಾಯಿಬಿಟ್ಟು ಕೇಳಿದರು, ನಾನು ಗೊತ್ತಿದ್ದಷ್ಟು ಹೇಳಿದೆನು, ಅವರು ಉತ್ತರ ಕೊಟ್ಟರು. ಮಾಳಿಗೆಯ ಮನೆಯವರು ಹಾಗೆ ಕೇಳಲಿಲ್ಲ. ಆಸ್ತಿಯ ಪ್ರಶ್ನೆಗಳು ಬಂದಾಗ ಒಳಗಿನಿಂದ ಚಹ ತರಿಸಿ ಮಾತನ್ನು ಬೇರೆ ಕಡೆಗೆ ಹೊರಳಿಸಿದರು. ಸರಕಾರದಿಂದ ಏನೂ ಬೇಡವೆನ್ನುವ ಈ ಮಂದಿಯ ಬಿಳಿಯ ಪಂಚೆಯ ಮಡಿಕೆಯಲ್ಲಿ ಬಡವರ ರೇಶನ್ ಕಾರ್ಡೂ ಇದ್ದುದನ್ನು ನಾನು ಕಂಡಿರುವೆನು.

1993ರ ಪಂಚಾಯತ ರಾಜ್ ಕಾಯಿದೆಯು ಗ್ರಾಮಸಭೆಗೆ ಕೊಟ್ಟ ಅಧಿಕಾರವು ಸಣ್ಣದಲ್ಲ. ಯಾರಿಗೆ ಮನೆ ದೊರೆಯಬೇಕು, ಯಾವ ಓಣಿಗೆ ಮೊದಲು ಗಟಾರವಾಗಬೇಕು ಎಂಬದೆಲ್ಲ ಅಲ್ಲಿ ಮಾತಿಗೆ ಬರತಕ್ಕದ್ದು. ಆದರೆ ಅಲ್ಲಿಗೆ ಬರುವವರು ಮನೆ ಬೇಕಾದವರು, ಪಗಾರ ನಿಂತವರು, ನಲ್ಲಿಗೆ ನೀರು ಬಾರದವರು. ಓದಿದವರು ಬರುವದಿಲ್ಲ. ಕೇಳಿದರೆ, 'ಅಲ್ಲಿ ಬರೇ ಗದ್ದಲ' ಎನ್ನುವರು. ಗದ್ದಲವಿರುವದು ನಿಜ. ಲೆಕ್ಕ ಓದಬಲ್ಲವರು ಮನೆಯಲ್ಲಿ ಕುಳಿತಿರುವಾಗ, ಲೆಕ್ಕ ಕೇಳಬೇಕಾದವರು ಗದ್ದಲವನ್ನಲ್ಲದೆ ಇನ್ನೇನು ಮಾಡಬಲ್ಲರು?

ನಮ್ಮ ವಿದ್ಯುತ್ ಸಂಘದ ವಾರ್ಷಿಕ ಸಭೆಗೆ ಈ ಸಲ ಜಮಾಖರ್ಚಿನ ಪುಸ್ತಕವನ್ನು ಮೊದಲೇ ತರಿಸಿಕೊಂಡು, ಓದಿಕೊಂಡು ಹೋಗಬೇಕೆಂದು ನಾನು ನಿವೃತ್ತರಾದ ಮೂವರು ಮಿತ್ರರಿಗೆ ಹೇಳಿರುವೆನು. ಇಬ್ಬರು ಒಪ್ಪಿರುವರು, ಅವರಲ್ಲೊಬ್ಬರು ಗಣಿತದ ಮಾಸ್ತರರಾಗಿದ್ದವರು, ಪುಸ್ತಕದ ಹಿಂದಿನ ಪುಟಗಳನ್ನು ತಾವೇ ನೋಡುವದಾಗಿ ಹೇಳಿದ್ದಾರೆ. ಮೂರನೆಯವರು ಇನ್ನೂ ಉತ್ತರ ಕೊಟ್ಟಿಲ್ಲ. ಸಭೆಯಲ್ಲಿ ಚಹ-ಚೂಡಾದ ವ್ಯವಸ್ಥೆ ಇರುವದೋ ಎಂದು ಮಾತ್ರ ವಿಚಾರಿಸಿದರು.