ಗಾಡಿಯ ಎದೆಗೂ ಸ್ಟೆತಾಸ್ಕೋಪ್

ಪ್ರತಿ ವರ್ಷ ಸ್ಮರಣ ಸಂಚಿಕೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಬರೆದು ಬರೆದು ನನಗೇ ಸಾಕಾಗಿದೆ. ಓದುವ ನಿಮ್ಮ ಪಾಡು ಹೇಗೋ! ಈ ಸಲ ರೋಗಿಗಳನ್ನು ಬಿಟ್ಟು ಹಳೆಯ ಫೋರ್ ವ್ಹೀಲ್ ಡ್ರೈವ್ ಗಾಡಿಗಳ ನರಳಾಟದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮದೀನಾ ಬಿಟ್ಟು ಸ್ವಲ್ಪ ದೂರ ಹೋದರೆ ಹರ್ರಾ, ಅಂದರೆ ಕಪ್ಪು ಲಾವಾ ಕಲ್ಲಿನ ಬಯಲು ಸಿಗುತ್ತದೆ. 1256ರಲ್ಲಿ ಊರಿನ ಹತ್ತಿರವೇ ಜ್ವಾಲಾಮುಖಿ ಉಕ್ಕಿತ್ತು. ಇಂಥ ನೆಲದಲ್ಲಿ ಹಳೆಯ ಲ್ಯಾಂಡ್ ಕ್ರೂಸರ್, ನಿಸಾನ್ ಪ್ಯಾಟ್ರೋಲ್‌ಗಳಿಗೆ ಇಂದಿಗೂ ಗೌರವ ಹೆಚ್ಚು.

ಹೋದ ಚಳಿಗಾಲ ವಿಜಯಪುರದ ಕಡೆಯ ಹುಡುಗನೊಬ್ಬ ನನ್ನಲ್ಲಿಗೆ ಬಂದ. ಎಕ್ಸ್‌ರೇ ತಂತ್ರಜ್ಞ. ಉತ್ತರಕ್ಕೆ ಸುಮಾರು 150 ಕಿ.ಮೀ. ದೂರದ ಖೈಬರ್ ಕಡೆಯ ಹಳ್ಳಿಗೆ ವರ್ಗವಾಗಿತ್ತು. ಕೊನೆಯ ಹಾದಿಗೆ ಡಾಂಬರಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಜೊತೆಗೆ ಹೆಂಡತಿ, ಎರಡು ವರ್ಷದ ಮಗು. ನಾಲ್ಕು ವರ್ಷದ ಉಳಿತಾಯವನ್ನೆಲ್ಲ ಸುರಿದು 1996ರ ಲ್ಯಾಂಡ್ ಕ್ರೂಸರ್ ಕೊಳ್ಳುವ ಆಸೆ ಅವನಿಗೆ. "ಎಂಜಿನ್ ಭಾಳ ಛಲೋ ಐತ್ರೀ ಡಾಕ್ಟ್ರ, ಫಹಸ್‌ನಾಗೂ ಪಾಸಾಗೇತಿ" ಎಂದ. ಫಹಸ್ ಎಂದರೆ ಇಲ್ಲಿಯ ಸರ್ಕಾರಿ ತಪಾಸಣೆ. ಅದು ಬ್ರೇಕು, ಹೊಗೆಗಳನ್ನು ನೋಡೀತೇ ಹೊರತು ಡಿಫರೆನ್ಷಿಯಲ್ ಬಿಚ್ಚಿ ಹಲ್ಲು ಎಣಿಸುವುದಿಲ್ಲ.

ಬೆಳಿಗ್ಗೆ ನಾವು ಹೋಗುವ ತನಕ ಎಂಜಿನ್ ಚಾಲೂ ಮಾಡಬಾರದೆಂದು ಮಾಲೀಕನಿಗೆ ಮೊದಲೇ ಹೇಳಿಸಿದ್ದೆ. ಬಿಸಿಯಾದ ಗಾಡಿ ಎಷ್ಟೋ ಸದ್ದುಗಳನ್ನು ಮುಚ್ಚಿಡುತ್ತದೆ. ಗೇರನ್ನು ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ 'ಠಕ್' ಎಂದಿತು. ಹುಡುಗನ ಮುಖ ಬಾಡಿತು. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಕೆಳಗೆ ಮಲಗಿ ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡಿಸಿ ನೋಡಿದೆ. ಯೂನಿವರ್ಸಲ್ ಜಾಯಿಂಟ್ ಗಟ್ಟಿಯಾಗಿತ್ತು, ಅದರ ಸುತ್ತ ತುಕ್ಕಿನ ಕೆಂಪು ಪುಡಿಯೂ ಇರಲಿಲ್ಲ. ಜಾರುವ ಭಾಗದಲ್ಲಿ ಗ್ರೀಸ್ ಒಣಗಿತ್ತು, ಅಷ್ಟೆ. ಗ್ರೀಸ್ ಹೊಡೆದ ಮೇಲೆ ಸದ್ದು ಮುಕ್ಕಾಲು ಪಾಲು ಹೋಯಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ 'ಟಕಟಕ' ಬಂದರೆ ಮುಂದಿನ ಸಿ.ವಿ. ಜಾಯಿಂಟ್ ಸವೆದಿದೆ ಎಂದರ್ಥ. ಅದೂ ಬರಲಿಲ್ಲ.

ಎದೆಯ ಮರ್ಮರ ಸದ್ದು ಕೇಳುವಾಗ ನಾವು ನಾಡಿಯ ಮೇಲೂ ಬೆರಳಿಡುತ್ತೇವೆ. ಸದ್ದು ಬಡಿತದ ಯಾವ ಹೊತ್ತಿಗೆ ಬರುತ್ತದೆ ಎಂಬುದೇ ಅರ್ಧ ರೋಗನಿರ್ಣಯ. ಗಾಡಿಯಲ್ಲೂ ಹಾಗೆಯೇ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕು ಸುತ್ತು ಬರುತ್ತದೆ. ಸುತ್ತಿಗೊಮ್ಮೆ ಬಡಿಯುವ ಸದ್ದಾದರೆ ಚಕ್ರದ ಕಡೆ ನೋಡಬೇಕು, ನಾಲ್ಕು ಪಟ್ಟು ಬೇಗ ಬಂದರೆ ಶಾಫ್ಟಿನ ಕಡೆ. ಎಡಬಲಕ್ಕೆ ತುಸು ವಾಲಿಸಿ ಓಡಿಸಿದಾಗ ಗುಂಯ್‌ಗುಡುವಿಕೆ ಏರಿಳಿದರೆ ಚಕ್ರದ ಬೇರಿಂಗ್. ಬಲಕ್ಕೆ ತಿರುಗಿಸಿದಾಗ ಹೆಚ್ಚಾದರೆ ಅನುಮಾನ ಎಡ ಚಕ್ರದ ಮೇಲೆ, ಏಕೆಂದರೆ ಭಾರ ಬೀಳುವುದು ಆ ಕಡೆಗೆ.

ನಮ್ಮ ಗಾಡಿ 80ರ ವೇಗದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆಸಿದೆ. ಹಿಂದಿನಿಂದ ಸಣ್ಣದೊಂದು ಊಳು ಕೇಳಿಸಿತು. ಕಾಲಿಟ್ಟರೆ ಇಲ್ಲ, ತೆಗೆದರೆ ಮತ್ತೆ ಊಳು. ಟೈರಾಗಲಿ ಚಕ್ರದ ಬೇರಿಂಗಾಗಲಿ ಕಾಲಿನ ಮಾತು ಹೀಗೆ ಕೇಳುವುದಿಲ್ಲ. ಡಿಫರೆನ್ಷಿಯಲ್ ಕೇಳುತ್ತದೆ. ಪಿನಿಯನ್ ಬೇರಿಂಗ್ ಮೇಲೆ ನನಗೆ ಗುಮಾನಿ ಬಂತು.

ಮಾಲೀಕನನ್ನು ಒಪ್ಪಿಸಿ ಗಾಡಿಯನ್ನು ಸನಾಯ್ಯಾದ ಮಲಯಾಳಿ ಮೆಕ್ಯಾನಿಕ್ ಹತ್ತಿರ ಒಯ್ದೆವು. ಆತ ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಿದ, ಆಮೇಲೆ ಕೆಳಗಿನದು. ಇದು ಅನುಭವಸ್ಥರ ಕ್ರಮ. ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ, ಎಣ್ಣೆ ಖಾಲಿ ಮಾಡಿಕೊಂಡು ಕೂರಬೇಕಾಗುತ್ತದೆ! ಪ್ಲಗ್ಗಿನ ಅಯಸ್ಕಾಂತದ ಮೇಲೆ ನುಣ್ಣನೆಯ ಬೂದು ಅಂಟಿದ್ದರೆ ಅದು ವಯಸ್ಸಿನ ಸವೆತ, ಚಿಂತೆಯಿಲ್ಲ. ಇಲ್ಲಿ ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳೇ ಇದ್ದವು. ಎಣ್ಣೆಯಂತೂ ಜೇನಿನಂತೆ ಮಂದ. ಸದ್ದು ಅಡಗಿಸಲು ಯಾರೋ ಕೊಟ್ಟ ಮದ್ದು ಅದು.

ಮಾಲೀಕ ಬೆಲೆ ಇಳಿಸಿದ. ಹುಡುಗ ನನ್ನ ಮುಖ ನೋಡಿದ. ರಿಪೇರಿ ಅಸಾಧ್ಯವೇನಲ್ಲ, ಆದರೆ ಹಲ್ಲುಗಳನ್ನು ಕೂದಲೆಳೆಯ ಅಳತೆಯಲ್ಲಿ ಕೂರಿಸುವ ಕೈ ಸಿಗಬೇಕು. 120ರ ವೇಗದಲ್ಲಿ ಪಿನಿಯನ್ ಕಚ್ಚಿಕೊಂಡರೆ ಹಿಂದಿನ ಚಕ್ರಗಳೇ ನಿಂತುಬಿಡಬಹುದು, ಹಿಂದಿನ ಸೀಟಿನಲ್ಲಿ ಮಗು. "ಬ್ಯಾಡ ಬಿಡಪ್ಪ" ಎಂದೆ. ಅವನಿಗೆ ಬೇಸರವಾಯಿತು. ಒಂದು ವಾರ ಫೋನು ಮಾಡಲಿಲ್ಲ.

ತಿಂಗಳ ನಂತರ ಒಂದು ಪ್ಯಾಟ್ರೋಲ್ ಹುಡುಕಿದ. ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಿ ತಿರುಗಿಸಿದಾಗ ಜಗ್ಗುತ್ತದೆಂದು ಗಾಬರಿಯಾಗಿದ್ದ. ಆ ಬಗೆಯ ಗಾಡಿಗೆ ಅದು ಸಹಜ ಲಕ್ಷಣ, ಗಟ್ಟಿ ನೆಲದಲ್ಲಿ ಫೋರ್ ವ್ಹೀಲ್ ಹಾಕಲೇಬಾರದು ಎಂದೆ. ಮುಂದಿನಿಂದ ಗುಂಯ್ ಎನ್ನುತ್ತಿತ್ತು. ಬೇರಿಂಗ್ ಅಲ್ಲಾಡಲಿಲ್ಲ, ರಸ್ತೆ ನುಣುಪಾದಾಗ ಸದ್ದು ಬದಲಾಯಿತು. ಟೈರುಗಳನ್ನು ಹಿಂದುಮುಂದು ಮಾಡಿಸಲು ಹೇಳಿದೆ. ಸಂಜೆಗೆ ಫೋನು ಬಂತು: "ಡಾಕ್ಟ್ರ, ಸದ್ದು ಹಿಂದ ಹೋತ್ರೀ!"

ಗಾಡಿ ಕೊಂಡ. ಟೈರು ಹಳೆಯವಲ್ಲ, ಓರೆಯಾಗಿ ಸವೆದಿವೆ ಅಷ್ಟೆ. ಹೊಸವು ಹಾಕಿಸಲು ಇನ್ನೂ ಹಣ ಕೂಡಿಲ್ಲ. ಆ ಗುಂಯ್ ಸದ್ದಿಗೇ ಮಗು ಖೈಬರ್ ಬರುವ ತನಕ ನಿದ್ದೆ ಮಾಡುತ್ತದಂತೆ.