ಪರಕಂಠದಲ್ಲಿ ನುಡಿದ ಪಿಯಾನೊ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಮ್ಮ ಸೀಮೆಯ ನಾಲ್ಕು ಊರುಗಳನ್ನು ಚೈತ್ರದಿಂದ ಫಾಲ್ಗುಣದವರೆಗೆ ಬಿಡದೆ ಸುತ್ತಿದವನ ಕಿವಿಗೆ ಮದುವೆಯ ಚಪ್ಪರದ ಓಲಗ, ಜಾತ್ರೆಯ ತಮಟೆ, ರಾಮಮಂದಿರದ ಭಜನೆಯ ತಾಳ, ನಾಟಕದ ಮೇಷ್ಟರ ಹಾರ್ಮೋನಿಯಂ ಇವೆಲ್ಲವೂ ಬಿದ್ದಾವು. ಪಿಯಾನೊ ಎಂಬ ವಾದ್ಯದ ನಾದವೊಂದು ಮಾತ್ರ ಬೀಳುವುದು ದುರ್ಲಭ. ಇದಕ್ಕಾಗಿ ನಮ್ಮ ಜನರ ರಸಿಕತೆಯನ್ನು ಶಂಕಿಸಬೇಕಾಗಿಲ್ಲ. ಸಭಾಂಗಣಕ್ಕೆಂದೇ ಕಟ್ಟಿದ ದೊಡ್ಡ ಪಿಯಾನೊ ನಾಲ್ಕೈದು ಕ್ವಿಂಟಲ್ ತೂಗುತ್ತದೆ. 88 ಬಿಳಿ-ಕರಿ ಮನೆಗಳು, ಇನ್ನೂರಕ್ಕೆ ಮಿಕ್ಕಿದ ತಂತಿಗಳು, ಉಣ್ಣೆ ಹೊದಿಸಿದ ಸುತ್ತಿಗೆಗಳು, ಇವೆಲ್ಲವನ್ನೂ ಹೊತ್ತ ಎರಕದ ಕಬ್ಬಿಣದ ಚೌಕಟ್ಟು. ಇಂಥದನ್ನು ಆವಣಿಯ ಬೆಟ್ಟದ ತಪ್ಪಲಿಗಾಗಲಿ ಕುರುಡುಮಲೆಯ ಗಣಪತಿಯ ಸನ್ನಿಧಿಗಾಗಲಿ ಸಾಗಿಸುವುದಕ್ಕೆ ಭಕ್ತಿಯೊಂದೇ ಸಾಲದು, ಎತ್ತುಗಳೂ ಬೇಕು.

ಭಾರಕ್ಕಿಂತ ದೊಡ್ಡ ಅಡ್ಡಿ ಇನ್ನೊಂದುಂಟು. ನಮ್ಮ ಸಂಗೀತದ ಜೀವವು ಸ್ವರದಲ್ಲಿ ಎಷ್ಟಿದೆಯೋ ಸ್ವರಸ್ವರಗಳ ನಡುವಣ ಎಡೆಯಲ್ಲಿಯೂ ಅಷ್ಟೇ ಇದೆ. ವೈಣಿಕನು ತಂತಿಯನ್ನು ಎಳೆದು, ಗಾಯಕನು ಕಂಠವನ್ನು ಜಾರಿಸಿ ಆ ಎಡೆಯನ್ನು ಗಮಕದಿಂದ ತುಂಬುತ್ತಾನೆ. ಪಿಯಾನೊದ ಸುತ್ತಿಗೆಯಾದರೋ ತಂತಿಯನ್ನು ಒಮ್ಮೆ ಬಡಿದು ಹಿಂಜರಿಯಿತೆಂದರೆ ಆ ಸ್ವರವನ್ನು ಅಲುಗಿಸುವ ಶಕ್ತಿ ವಾದಕನಿಗೆ ಉಳಿಯುವುದಿಲ್ಲ. ಹಾರ್ಮೋನಿಯಮ್ಮಿಗೂ ಈ ದೋಷವುಂಟು; ಅದಕ್ಕಾಗಿಯೇ ರೇಡಿಯೊದವರು 1940ರಲ್ಲಿ ಅದಕ್ಕೆ ಬಹಿಷ್ಕಾರ ಹಾಕಿದರು. ನಮ್ಮ ಭಜನಮಂದಿರಗಳು ಆ ಆಜ್ಞೆಗೆ ಕಿವಿಗೊಡಲಿಲ್ಲ. ಒಬ್ಬನೇ ಹೊತ್ತು ತರಬಲ್ಲ ವಾದ್ಯದ ದೋಷಗಳನ್ನು ಜನರು ಬೇಗನೆ ಕ್ಷಮಿಸುತ್ತಾರೆ.

ಹೀಗಿರಲು ಪಿಯಾನೊ ವಾದಕರ ಜೀವನಯಾತ್ರೆಯನ್ನು ಕುರಿತು ಕೋಲಾರ ಸೀಮೆಯವನು ಬರೆಯಹೊರಡುವುದು ಅಧಿಕಪ್ರಸಂಗವೆಂದು ತೋರೀತು. ಆದರೆ ಶ್ರೀನಿವಾಸಪುರವನ್ನು ಬಿಟ್ಟು, ಮಾವಿನ ತೋಪುಗಳ ನಡುವೆ ರಾಯಲ್ಪಾಡಿನ ದಾರಿ ಹಿಡಿದು, ಕನ್ನಡವು ತೆಲುಗಿಗೆ ಯಾವ ಮರದಡಿಯಲ್ಲಿ ಎಡೆಗೊಟ್ಟಿತೆಂಬುದು ತಿಳಿಯದಂತೆ ಗಡಿಯನ್ನು ದಾಟಿದರೆ ಸಿಕ್ಕುವ ಮದನಪಲ್ಲಿಯಲ್ಲಿ ಅಂಥವರೊಬ್ಬರು ಇದ್ದರು. ಮಾರ್ಗರೆಟ್ ಕಸಿನ್ಸ್ ಎಂಬ ಆ ಮಹಿಳೆ 1878ರಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಜನಿಸಿ, ಡಬ್ಲಿನ್ನಿನಲ್ಲಿ ಸಂಗೀತವನ್ನು ಕ್ರಮವಾಗಿ ಅಭ್ಯಸಿಸಿ, 1902ರಲ್ಲಿ ಸಂಗೀತದ ಪದವಿಯನ್ನು ಪಡೆದವರು. ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಹೋರಾಡಿ ಲಂಡನ್ನಿನ ಹಾಲೊವೇ ಸೆರೆಮನೆಯನ್ನು ಕಂಡುಬಂದ ಈ ಪಿಯಾನೊ ವಾದಕಿ 1915ರಲ್ಲಿ ಪತಿ ಜೇಮ್ಸ್ ಕಸಿನ್ಸರೊಡನೆ ಭಾರತಕ್ಕೆ ಬಂದರು. ಕೆಲಕಾಲದಲ್ಲಿಯೇ ಆ ದಂಪತಿಗಳು ಆನಿ ಬೆಸೆಂಟರು ಸ್ಥಾಪಿಸಿದ್ದ ಮದನಪಲ್ಲಿಯ ಕಾಲೇಜನ್ನು ಸೇರಿದರು. ಯೂರೋಪಿನ ನಗರವೊಂದರ ಸಭಾಂಗಣದಲ್ಲಿ ಕರತಾಡನಗಳ ನಡುವೆ ಕಳೆಯಬಹುದಾಗಿದ್ದ ಬಾಳು, ಬಂಡೆಗುಡ್ಡಗಳ ನಡುವಣ ಒಂದು ಸಣ್ಣ ಊರಿನಲ್ಲಿ ಹುಡುಗರನ್ನು ಕೂಡಿಸಿಕೊಂಡು ವಾರಕ್ಕೊಮ್ಮೆ ನಡೆಸುವ ಹಾಡುಗಾರಿಕೆಯ ಕೂಟಕ್ಕೆ ಬಂದು ನಿಂತಿತು.

1919ರ ಫೆಬ್ರುವರಿಯ ಕೊನೆಯಲ್ಲಿ ವಿಶ್ರಾಂತಿಗೆಂದು ಮದನಪಲ್ಲಿಗೆ ಬಂದ ರವೀಂದ್ರನಾಥ ಠಾಕೂರರು ಆ ಕೂಟದಲ್ಲಿ ತಾವೂ ಒಂದು ಗೀತವನ್ನು ಹಾಡಿದರು. 1911ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಲಾಗಿದ್ದ ಆ ‘ಜನಗಣಮನ’ದ ಜಯಘೋಷಕ್ಕೆ ಹುಡುಗರು ದನಿಗೂಡಿಸಿದರು. ಕವಿಯು ಅಲ್ಲಿದ್ದಾಗಲೇ ಅದನ್ನು ತಾವೇ ಇಂಗ್ಲಿಷಿಗೆ ಅನುವಾದಿಸಿಕೊಟ್ಟರು. ಮಾರ್ಗರೆಟ್ಟರು ಅದರ ರಾಗಗತಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟರು. ತಾನು ನುಡಿಸುವುದಕ್ಕಾಗಿ ಬರೆದುದಲ್ಲ ಅದು, ಇತರರು ಹಾಡುವುದಕ್ಕಾಗಿ ಬರೆದುದು. ತಾನು ಮೆರೆಯಬೇಕೆಂಬ ವಾದಕಿಯಾಗಿದ್ದರೆ ಅಂದು ಕವಿಯ ಮುಂದೆ ತನ್ನ ಕೈಚಳಕವನ್ನು ತೋರಿಸಿ ಪ್ರಶಂಸೆಯನ್ನು ಪಡೆಯುತ್ತಿದ್ದರು. ನಾಡಿಗೆ ಒಂದು ಸಂಜೆಯ ಕಥೆ ಉಳಿಯುತ್ತಿತ್ತು, ಸ್ವರಲಿಪಿ ಉಳಿಯುತ್ತಿರಲಿಲ್ಲ.

ಅದೇ 1919ರ ಜುಲೈ 18ರಂದು ಮೈಸೂರಿನ ಅರಮನೆಯಲ್ಲಿ ಒಂದು ಶಿಶು ಜನಿಸಿತು. ಮುಂದೆ ನಮ್ಮ ಕೋಲಾರದವರಿಗೂ ಅರಸರಾದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಹವ್ಯಾಸಕ್ಕೆಂದು ಕಲಿತವರಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪರೀಕ್ಷೆಯನ್ನು ಗೆದ್ದವರು, ಸಭಾವೇದಿಕೆಯ ಪಿಯಾನೊ ವಾದಕರಾಗಬೇಕೆಂದು ಹಂಬಲಿಸಿದವರು. ವಿಧಿಯ ಲೇಖವು ಬೇರೆಯಾಗಿತ್ತು. 1940ರ ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾಗಲು, ಮುಂದಿನ ತಿಂಗಳೇ ಸಿಂಹಾಸನವು ಈ ತರುಣರ ಪಾಲಿಗೆ ಬಂದಿತು. ಸಿಂಹಾಸನದ ಮೇಲೆ ಕುಳಿತವನು ಪಿಯಾನೊದ ಮಣೆಯ ಮೇಲೆ ಕುಳಿತು ಚೀಟಿ ಕೊಂಡು ಬಂದವರಿಗೆ ನುಡಿಸಲಾದೀತೆ?

ಹೊರಹರಿವಿಗೆ ದಾರಿಯಿಲ್ಲದ ನೀರು ಕಟ್ಟೆಯ ಕೆಳಗೆ ಒಸರಿ ದೂರದ ಬಾವಿಗಳನ್ನು ತುಂಬುವುದನ್ನು ಕೆರೆಗಳ ಸೀಮೆಯವರಾದ ನಾವು ಬಲ್ಲೆವು. ಒಡೆಯರ ವಾದನಪ್ರೀತಿಗೂ ಹಾಗೆಯೇ ಆಯಿತು. ಲಂಡನ್ನಿನಲ್ಲಿ ವೃದ್ಧಾಪ್ಯ, ಹೃದ್ರೋಗ, ಲೋಕದ ಮರೆವುಗಳ ನಡುವೆ ದಿನ ನೂಕುತ್ತಿದ್ದ ರಷ್ಯದ ವಾದಕ-ರಚನಕಾರ ನಿಕೊಲಾಯ್ ಮೆಟ್ನರರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವುದಕ್ಕೆ ಧನವಿತ್ತವರು ಒಡೆಯರು. ಕೃತಜ್ಞರಾದ ಮೆಟ್ನರರು ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರರು ತೀರಿಕೊಂಡರೂ ಅವರ ಬೆರಳುಗಳ ನಾದ ತೀರದಿರುವುದು ಆ ಔದಾರ್ಯದ ಫಲ. ಇನ್ನು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತಗಳನ್ನು ಕರ್ಸ್ಟೆನ್ ಫ್ಲಾಗ್‌ಸ್ಟಾಡರು ಮೊಟ್ಟಮೊದಲಿಗೆ ಹಾಡಿದಾಗ ಆ ಕಚೇರಿಯ ನಷ್ಟಕ್ಕೆ ಹೊಣೆಯಾಗಿ ನಿಂತವರೂ ಅವರೇ. ಅವರಾದರೋ ಆ ಸಭೆಯಲ್ಲಿರಲಿಲ್ಲ. ಅದರ ರೆಕಾರ್ಡು ಕಡಲು ದಾಟಿ ಮೈಸೂರಿಗೆ, ಸುಮಾರು 20,000 ರೆಕಾರ್ಡುಗಳಿದ್ದ ಅವರ ಸಂಗ್ರಹಕ್ಕೆ, ಬರಬೇಕಾಗಿತ್ತು. ಆಡಿಸುವವರ ಸುಖವು ಆಡುವವರ ಸುಖಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು?

ಇದಕ್ಕಿಂತ ವಿಸ್ಮಯಕರವಾದುದು ಬೇರೆ. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, ವಾಸುದೇವಾಚಾರ್ಯರ ಮಾರ್ಗದರ್ಶನವನ್ನು ಪಡೆದು, ಪಿಯಾನೊದಲ್ಲಿ ಪಳಗಿದ ಅದೇ ಕಿವಿಯಿಂದ ಒಡೆಯರು ‘ಶ್ರೀವಿದ್ಯಾ’ ಎಂಬ ಮುದ್ರೆಯ 94 ಕೀರ್ತನೆಗಳನ್ನು ರಚಿಸಿದರು. ಎಡೆಯನ್ನು ತುಂಬಲಾರದ ವಾದ್ಯವನ್ನು ಅಷ್ಟೊಂದು ಪ್ರೀತಿಸಿದವರೇ ಗಮಕವನ್ನೇ ನೆಚ್ಚಿದ ಕೃತಿಗಳನ್ನು ಕಟ್ಟಿದರೆಂಬುದು ಸಾಮಾನ್ಯವಲ್ಲ. ತಂಗಿ ವಿಜಯಾದೇವಿಯವರೂ ವೀಣೆ, ಪಿಯಾನೊ ಎರಡನ್ನೂ ಸಾಧಿಸಿ, ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ನರ ಶಿಷ್ಯೆಯಾಗಿ, ಅಣ್ಣನವರು ಕಾಲವಾದ 1974ರಲ್ಲಿಯೇ ಬೆಂಗಳೂರಿನಲ್ಲಿ ಅನ್ಯ ಕಲಾವಿದರಿಗೆ ವೇದಿಕೆ ಒದಗಿಸುವ ಅಂತರರಾಷ್ಟ್ರೀಯ ಸಂಗೀತ ಮತ್ತು ಕಲಾ ಸಂಘವನ್ನು ಕಟ್ಟಿದರು. ಅನ್ಯರಿಗೆ ವೇದಿಕೆ ಕಟ್ಟಿಕೊಡುವುದು ಆ ಮನೆತನದ ಗುಣವೆಂದೇ ತೋರುತ್ತದೆ.

ಸಂಗೀತವೇ ಬಾಳಾದವನ ಯಾತ್ರೆ ಎಂಥದೆಂಬುದನ್ನು ನಮ್ಮ ಮಾಲೂರು ಸೀಮೆಯ ಮಾಸ್ತಿಯವರು 1928ರಲ್ಲಿಯೇ ‘ಸುಬ್ಬಣ್ಣ’ ಎಂಬ ನೀಳ್ಗತೆಯಲ್ಲಿ ಚಿಂತಿಸಿದ್ದರು. ಅದಕ್ಕೂ ಶತಮಾನಗಳ ಹಿಂದೆ ಮುಳಬಾಗಿಲಿನ ಶ್ರೀಪಾದರಾಜರು ಮಠದ ಪೀಠದಲ್ಲಿದ್ದುಕೊಂಡೇ ‘ರಂಗವಿಠಲ’ ಎಂಬ ಅಂಕಿತದಿಂದ ಕನ್ನಡದಲ್ಲಿ ಹಾಡುಗಳನ್ನು ಕಟ್ಟಿದರು. ಅವರ ಕಂಠ ಹೇಗಿತ್ತೆಂಬುದನ್ನು ಬಲ್ಲವರಿಲ್ಲ. ಅವರ ಹಾಡನ್ನು ಬಲ್ಲ ಹೆಂಗಸರು ನಮ್ಮ ಒಂದೊಂದು ಬೀದಿಯಲ್ಲಿಯೂ ಇದ್ದಾರೆ. ಜನರ ಮುಂದೆ ಹಾಡಬೇಕು, ನುಡಿಸಬೇಕು ಎಂಬ ಆಸೆಯು ಎರಡು ಬಗೆಯದು. ‘ನನ್ನನ್ನು ಕೇಳಿ’ ಎನ್ನುವುದು ಒಂದು. ‘ಇದನ್ನು ಕೇಳಿ’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ವೇದಿಕೆ ತಪ್ಪಿದರೆ ಕಹಿ ಉಳಿಯುತ್ತದೆ. ಎರಡನೆಯದಕ್ಕೆ ವೇದಿಕೆ ತಪ್ಪಿದರೆ ಅದು ಬೇರೊಬ್ಬರ ಕಂಠವನ್ನೋ ಕೈಯನ್ನೋ ಅರಸಿಕೊಳ್ಳುತ್ತದೆ.

ಮಾರ್ಗರೆಟ್ ಕಸಿನ್ಸರಿಗೆ 1944ರಲ್ಲಿ ಪಾರ್ಶ್ವವಾಯು ಬಡಿಯಿತು. 1954ರಲ್ಲಿ ತೀರಿಕೊಳ್ಳುವ ತನಕ ಅವರು ಚೇತರಿಸಿಕೊಳ್ಳಲಿಲ್ಲ. 1950ರ ಜನವರಿ 24ರಂದು ‘ಜನಗಣಮನ’ವು ರಾಷ್ಟ್ರಗೀತೆಯೆಂದು ಅಂಗೀಕೃತವಾದುದು ಆ ದುಃಸ್ಥಿತಿಯ ನಡುವೆ. ಇಡೀ ದೇಶ ಎದ್ದು ನಿಂತು ಹಾಡತೊಡಗಿದ ಗೀತವನ್ನು, ಒಮ್ಮೆ ಅದಕ್ಕೆ ಸ್ವರ ಬರೆದ ಬೆರಳುಗಳು ನುಡಿಸಲಾರದಾಗಿದ್ದವು. ಇಂದು ನಮ್ಮ ಊರುಗಳಲ್ಲಿಯೂ ಮಕ್ಕಳು ಕಂಕುಳಲ್ಲಿ ಕೀಬೋರ್ಡು ಇಟ್ಟುಕೊಂಡು ಪಾಠಕ್ಕೆ ಹೋಗುತ್ತಾರೆ. ‘ಇವನು ಸ್ಟೇಜಿಗೆ ಏರುವುದು ಯಾವಾಗ ಸಾರ್?’ ಎಂದು ತಂದೆತಾಯಿಗಳು ಮೇಷ್ಟರನ್ನು ಪೀಡಿಸುತ್ತಾರೆ. ಏರಲಿ, ಸಂತೋಷ. ಅದಕ್ಕೆ ಮುಂಚೆ, ಪಕ್ಕದಲ್ಲಿ ಕುಳಿತ ಹುಡುಗಿಯ ಹಾಡಿಗೆ ತಪ್ಪಿಲ್ಲದೆ ಜೊತೆಗೊಡುವುದನ್ನೂ, ಅವಳು ಚೆನ್ನಾಗಿ ಹಾಡಿದಾಗ ತಾನೇ ಹಾಡಿದಷ್ಟು ಹಿಗ್ಗುವುದನ್ನೂ ಆ ಮೇಷ್ಟರು ಅವನಿಗೆ ಕಲಿಸಿದರೆ, ಆಮೇಲೆ ವೇದಿಕೆ ದೊರೆತರೂ ದೊರೆಯದಿದ್ದರೂ ಆ ಮಗುವಿನ ಸಂಗೀತ ನಿಲ್ಲಲಾರದು.