ಐದೇ ನಿಮಿಷ, ಬಂದೆ

ಮೊಮ್ಮಗಳು ಗಡಿಯಾರ ನೋಡ್ತಾಳೆ ಕಣ್ರೀ, ಎಷ್ಟು ಹೊತ್ತಾಯ್ತು ಅಂದ್ರೆ ಮಾತ್ರ ತಡವರಿಸ್ತಾಳೆ. ಮೊನ್ನೆ 4-50ಕ್ಕೆ ಬನಶಂಕರಿ ಮನೆ ಬಿಟ್ಟು 5-20ಕ್ಕೆ ಜಯನಗರ 4ನೇ ಬ್ಲಾಕ್ ಸೇರಿದ್ವಿ. "70 ನಿಮಿಷ ಅಜ್ಜಿ" ಅಂದ್ಲು! ಗಂಟೆಗೂ ನೂರು ನಿಮಿಷ ಅನ್ನೋ ಹಾಗೆ ಕಳೆದಿದ್ಲು.

ನನ್ನ ಹಳೇ ಎಚ್‌ಎಂಟಿ ವಾಚ್ ಕೈಗಿಟ್ಟೆ. ನಮ್ಮ ಮಾತಲ್ಲೇ ದಾರಿ ಇದೆಯಲ್ಲ: ಐದಕ್ಕೆ ಹತ್ತು ನಿಮಿಷ ಇತ್ತು, ಐದು ಹೊಡೆದು ಇಪ್ಪತ್ತು ನಿಮಿಷ ಆಯ್ತು. ಹತ್ತೂ ಇಪ್ಪತ್ತೂ ಮೂವತ್ತು. ಹಿಡಿದ್ಬಿಟ್ಲು.

ನಿನ್ನೆ ಅವಳಮ್ಮ ಸಿಲ್ಕ್ ಬೋರ್ಡಿಂದ ಫೋನ್ ಮಾಡಿ "ಐದೇ ನಿಮಿಷ, ಬಂದೆ ಪುಟ್ಟಿ" ಅಂದ್ಲು. ಮಗು ವಾಚ್ ಹಿಡ್ಕೊಂಡು ಗೇಟಲ್ಲೇ ನಿಂತಿತ್ತು, ಒಳಗೆ ಬಾ ಅಂದ್ರೂ ಬರ್ಲಿಲ್ಲ.

"ಏಳಕ್ಕೆ ಐದಿತ್ತು, ಈಗ ಏಳು ಹೊಡೆದು ನಲವತ್ತು. ನಲವತ್ತೈದು ನಿಮಿಷ ಅಮ್ಮಾ."

ಮಗಳು ಚಪ್ಪಲೀನೂ ಬಿಡದೆ ನನ್ನ ಮುಖ ನೋಡಿದ್ಲು.